ಜಪಾನಿಗೆ ಹೋದ ಕನ್ನಡದ ಆನೆ



ಪ್ರವಾಸ ಕಥನವೆಂದರೆ ಹೋಗಿಬಂದವರು ಬರೆದ ಪುಸ್ತಕ ಎಂದು ನಾವು ತರಗತಿಯಲ್ಲಿ ಹೇಳಿಕೊಳ್ಳುತ್ತೇವೆ. ಕನ್ನಡಿಗರು ಜಪಾನ್ ದೇಶವನ್ನು ನೋಡಿಬಂದದ್ದು ಇಂದು ನಿನ್ನೆಯ ಮಾತಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಆ ದೇಶಕ್ಕೆ ಹೋಗಿ ಅಲ್ಲಿಯ ಶಾಲೆಗಳನ್ನೂ ಕೈಗಾರಿಕೆಗಳನ್ನೂ ಕಣ್ಣಾರೆ ಕಂಡು ಬಂದಿದ್ದರು. ಅವರ ವಿಷಯ ನಿಮಗೆ ಬೇರೆ ಪಾಠಗಳಲ್ಲಿ ದೊರೆಯುತ್ತದೆ. ನಾನು ಈ ಸಂಚಿಕೆಯಲ್ಲಿ ಹೇಳಹೊರಟಿರುವ ಪ್ರವಾಸಿಯು ಪುಸ್ತಕ ಬರೆಯಲಿಲ್ಲ, ತಿರುಗಿ ಊರಿಗೂ ಬರಲಿಲ್ಲ. ಜಪಾನಿನ ನೆಲದ ಮೇಲೆ ಕಾಲಿಟ್ಟಾಗ ಆಕೆಯ ವಯಸ್ಸು ಹದಿನೈದು. ಅಂದರೆ ನಿಮ್ಮಲ್ಲಿ ಹತ್ತನೆಯ ತರಗತಿಯಲ್ಲಿ ಓದುತ್ತಿರುವವರ ವಯಸ್ಸು. ಹೆಸರು ಇಂದಿರಾ. ಹುಟ್ಟಿ ಬೆಳೆದದ್ದು ನಮ್ಮ ನೆರೆಯ ಮೈಸೂರು ಸೀಮೆಯಲ್ಲಿ. ಆಕೆಗೆ ತಿಳಿಯುತ್ತಿದ್ದ ಮಾತು ಕನ್ನಡ ಒಂದೇ. ಆಕೆ ಒಂದು ಆನೆ.

ಆನೆ ಎಂದರೆ ಏನೆಂದು ತಾಳವಾಡಿ ಸೀಮೆಯ ಮಕ್ಕಳಿಗೆ ವಿವರಿಸುವ ಅಗತ್ಯವಿಲ್ಲ. ಹಾಸನೂರಿನ ರಸ್ತೆಯಲ್ಲಿ ಕಬ್ಬಿನ ಲಾರಿಗೆ ಅಡ್ಡ ನಿಂತು ಕಬ್ಬು ಸೆಳೆದುಕೊಳ್ಳುವ ಆನೆಯನ್ನು ಬಸ್ಸಿನ ಕಿಟಕಿಯಿಂದ ನೋಡದವರು ನಿಮ್ಮಲ್ಲಿ ಯಾರಿದ್ದಾರೆ? ಇಲ್ಲಿ ಆನೆಯ ಮಾತು ಬಂದರೆ ಹಿರಿಯರ ಹುಬ್ಬು ಗಂಟಾಗುತ್ತದೆ. ಫಸಲಿಗೆ ಬಂದ ರಾಗಿ, ಮುಸುಕಿನ ಜೋಳ, ಬಾಳೆ ಒಂದೇ ರಾತ್ರಿಯಲ್ಲಿ ನೆಲಸಮವಾಗುವುದನ್ನು ಕಂಡವರು ಅವರು. ಅಟ್ಟಣೆಯ ಮೇಲೆ ಅಪ್ಪನ ಜೊತೆ ಕಾವಲು ಕೂತು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಹುಡುಗರನ್ನು ನಾನು ಎಬ್ಬಿಸುವುದಿಲ್ಲ, ಕಾರಣ ನನಗೆ ಗೊತ್ತು. ಕರುಪ್ಪನ್ ಎಂದು ಹೆಸರು ಬಿದ್ದಿದ್ದ ಒಂಟಿ ಸಲಗವನ್ನು 2023ರಲ್ಲಿ ಕುಮ್ಕಿ ಆನೆಗಳ ನೆರವಿನಿಂದ ಹಿಡಿದು ಬೇರೆ ಕಾಡಿಗೆ ಸಾಗಿಸಿದಾಗ ನಮ್ಮ ಹಳ್ಳಿಗಳು ನಿಟ್ಟುಸಿರು ಬಿಟ್ಟದ್ದನ್ನೂ ನೀವು ಬಲ್ಲಿರಿ. ಆದುದರಿಂದ, ಆನೆಯೊಂದನ್ನು ನೋಡಬೇಕೆಂದು ನೂರಾರು ಮಕ್ಕಳು ಹಂಬಲಿಸಿ ಕಾಗದ ಬರೆದರು ಎಂದರೆ ನಿಮಗೆ ವಿಚಿತ್ರವೆನಿಸಬಹುದು. ಅವರು ಹಾಗೇಕೆ ಹಂಬಲಿಸಿದರು ಎಂಬುದು ದುಃಖದ ಕಥೆ. ಅದನ್ನು ಮೊದಲು ಹೇಳುತ್ತೇನೆ.

ಟೋಕಿಯೋ ನಗರದ ಊಎನೋ ಎಂಬಲ್ಲಿ ಜಪಾನಿನ ಅತ್ಯಂತ ಹಳೆಯ ಮೃಗಾಲಯವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮೂರು ಆನೆಗಳಿದ್ದವು. ಜಾನ್, ಟೊಂಕಿ ಎಂಬೆರಡು ಭಾರತದಿಂದ ಹೋದವು. ವಾನ್ರಿ ಎಂಬುದು ಸಯಾಮಿನದು. 1943ರ ಆಗಸ್ಟ್ ತಿಂಗಳಲ್ಲಿ ನಗರದ ಆಡಳಿತದಿಂದ ಒಂದು ಆಜ್ಞೆ ಹೊರಟಿತು: ಮೃಗಾಲಯದ ಅಪಾಯಕಾರಿ ಪ್ರಾಣಿಗಳನ್ನೆಲ್ಲ ಕೊಂದುಬಿಡಬೇಕು. ಬಾಂಬು ಬಿದ್ದು ಬೋನುಗಳು ಮುರಿದರೆ ಮೃಗಗಳು ಊರೊಳಗೆ ನುಗ್ಗಬಹುದೆಂಬುದು ಕೊಟ್ಟ ಕಾರಣ. ಆದರೆ ಟೋಕಿಯೋದ ಮೇಲೆ ಭಾರಿ ವಿಮಾನ ದಾಳಿಗಳು ಪ್ರಾರಂಭವಾದದ್ದು 1944ರ ಕೊನೆಯಲ್ಲಿ, ಅಂದರೆ ಒಂದು ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ಯುದ್ಧವು ಎಷ್ಟು ಗಂಭೀರ ಸ್ಥಿತಿಗೆ ಬಂದಿದೆಯೆಂಬುದನ್ನು ಜನರ ಮನಸ್ಸಿಗೆ ತಟ್ಟಿಸಲು ಈ ಆಜ್ಞೆ ಹೊರಟಿತೆಂದು ಚರಿತ್ರಕಾರರು ಹೇಳುತ್ತಾರೆ. ಸಿಂಹ, ಹುಲಿ, ಕರಡಿಗಳಿಗೆ ವಿಷವಿಕ್ಕಿದರು. ಆನೆಗಳು ಮಾತ್ರ ವಿಷ ಬೆರೆಸಿದ ಆಲೂಗಡ್ಡೆಯನ್ನು ಮುಟ್ಟಲಿಲ್ಲ. ಸೂಜಿ ಅವುಗಳ ಚರ್ಮದೊಳಗೆ ಇಳಿಯಲಿಲ್ಲ. ಕಡೆಗೆ ಮೇವು ನೀರು ನಿಲ್ಲಿಸಿದರು. ಜಾನ್ ಆಗಸ್ಟಿನಲ್ಲಿಯೇ ಸತ್ತಿತು. ಸೆಪ್ಟೆಂಬರ್ 4ರಂದು ಸತ್ತ ಪ್ರಾಣಿಗಳ ಆತ್ಮಶಾಂತಿಗಾಗಿ ಮೃಗಾಲಯದಲ್ಲಿ ದೊಡ್ಡ ಪೂಜೆ ನಡೆಯಿತು, ಶಾಲೆಯ ಮಕ್ಕಳೂ ಬಂದಿದ್ದರು. ಆಗ ಉಳಿದ ಎರಡು ಆನೆಗಳು ಅದೇ ಆವರಣದೊಳಗೆ, ಜನರ ಕಣ್ಣಿಗೆ ಬೀಳದಂತೆ, ಹಸಿವಿನಿಂದ ಇನ್ನೂ ಜೀವ ಹಿಡಿದುಕೊಂಡಿದ್ದವು. ಅದೇ ತಿಂಗಳಲ್ಲಿ ಒಂದಾದ ಮೇಲೆ ಒಂದು ಅವೂ ಸತ್ತವು. ಮಕ್ಕಳೇ, ಇದನ್ನು ಬರೆಯುವುದು ನನಗೆ ಕಷ್ಟವಾಯಿತು. ಆದರೆ ಇದನ್ನು ಬಿಟ್ಟರೆ ಮುಂದಿನದು ನಿಮಗೆ ಅರ್ಥವಾಗದು.

1945ರಲ್ಲಿ ಜಪಾನ್ ಸೋತಿತು. ಊರುಗಳು ಸುಟ್ಟುಹೋಗಿದ್ದವು, ಅನ್ನಕ್ಕೆ ತತ್ವಾರ. ಇಡೀ ದೇಶದ ಮೃಗಾಲಯಗಳಲ್ಲಿ ಬದುಕುಳಿದದ್ದು ಎರಡೇ ಆನೆಗಳು. ಎರಡೂ ನಗೋಯ ನಗರದ ಹಿಗಾಶಿಯಾಮಾ ಮೃಗಾಲಯದವು. ಅಲ್ಲಿನ ಸಿಬ್ಬಂದಿ ಹೇಗೋ ಹೆಣಗಾಡಿ ಅವನ್ನು ಕಾಪಾಡಿಕೊಂಡಿದ್ದರು. 1949ರಲ್ಲಿ ಟೋಕಿಯೋದ ತೈತೊ ವಾರ್ಡಿನ ಮಕ್ಕಳು ತಮ್ಮ ಮಕ್ಕಳ ಸಭೆಯಲ್ಲಿ ಒಂದು ನಿರ್ಣಯ ಮಾಡಿದರು: ನಗೋಯದಿಂದ ಒಂದು ಆನೆಯನ್ನು ನಮಗೆ ಕೊಡಿಸಿ. ಅವರ ಪ್ರತಿನಿಧಿಗಳಾಗಿ ಇಬ್ಬರು ಮಕ್ಕಳು ನಗೋಯಕ್ಕೇ ಹೋಗಿ ಕೇಳಿದರು. ಆದರೆ ಅವೆರಡು ಒಂದನ್ನೊಂದು ಬಿಟ್ಟಿರಲಾರದ ಆನೆಗಳು. ಅವನ್ನು ಅಗಲಿಸಲಾಗದೆಂದು ಮಕ್ಕಳಿಗೆ ತಿಳಿಯಹೇಳಿ ಕಳುಹಿಸಿದರು. ಅದಕ್ಕೆ ಬದಲಾಗಿ, ಬೇರೆ ಊರುಗಳ ಮಕ್ಕಳು ನಗೋಯಕ್ಕೆ ಬಂದು ಆನೆ ನೋಡುವುದಕ್ಕೆಂದೇ ವಿಶೇಷ ರೈಲುಗಳನ್ನು ಬಿಟ್ಟರು. ಆನೆಯ ರೈಲು ಎಂದೇ ಅವುಗಳಿಗೆ ಹೆಸರಾಯಿತು. ಬೆಂದ ಊರುಗಳ ಮಕ್ಕಳು ತುಂಬಿದ ರೈಲು, ಆನೆ ನೋಡಲೆಂದು!

ಟೋಕಿಯೋದ ಮಕ್ಕಳು ಅಷ್ಟಕ್ಕೇ ಬಿಡಲಿಲ್ಲ. ಭಾರತದಲ್ಲಿ ಆನೆಗಳಿವೆಯೆಂದು ಅವರಿಗೆ ಗೊತ್ತಿತ್ತು. ಭಾರತ ಸ್ವತಂತ್ರವಾಗಿ ಆಗಿನ್ನೂ ಎರಡು ವರ್ಷ. ಎಂಟುನೂರಕ್ಕೂ ಹೆಚ್ಚು ಮಕ್ಕಳು ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಕಾಗದ ಬರೆದರು. ನಮ್ಮ ದೇಶದ ಒಬ್ಬ ವ್ಯಾಪಾರಿ ಆ ಕಾಗದಗಳ ಕಟ್ಟನ್ನು ನೆಹರೂ ಅವರಿಗೆ ತಲುಪಿಸಿದರು. ನಿಮ್ಮಲ್ಲಿ ಪತ್ರಲೇಖನದ ಪ್ರಶ್ನೆಯನ್ನು ಅಂಕಕ್ಕಾಗಿ ಮಾತ್ರ ಬರೆಯುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಜಪಾನ್ ಆಗ ಅನ್ಯರ ಸೈನ್ಯದ ಅಧೀನದಲ್ಲಿದ್ದ, ಸೋತ ದೇಶ. ದೊಡ್ಡವರ ಮಾತಿಗೆ ಲೋಕದಲ್ಲಿ ಬೆಲೆಯಿರಲಿಲ್ಲ. ಚಿಕ್ಕವರ ಕಾಗದಕ್ಕೆ ಉತ್ತರ ಬಂತು.

ಉತ್ತರವಾಗಿ ಬಂದದ್ದೇ ಇಂದಿರಾ. ಮೈಸೂರು ಸೀಮೆಯ, ಮರದ ದಿಮ್ಮಿ ಎಳೆಯುವ ಕೆಲಸ ಕಲಿತಿದ್ದ ಹೆಣ್ಣಾನೆ. ನೆಹರೂ ಅವರು ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟರು. ಜೊತೆಗೆ ಜಪಾನಿನ ಮಕ್ಕಳಿಗೆ ಒಂದು ಕಾಗದವನ್ನೂ ಬರೆದರು. ಇದು ನನ್ನ ಉಡುಗೊರೆಯೆಂದು ತಿಳಿಯಬೇಡಿ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಟ್ಟದ್ದೆಂದು ತಿಳಿಯಿರಿ ಎಂಬುದು ಅದರ ತಾತ್ಪರ್ಯ. ಆನೆಯ ತಾಳ್ಮೆಯನ್ನೂ, ಬಲವಿದ್ದೂ ಸೌಮ್ಯವಾಗಿರುವ ಅದರ ಗುಣವನ್ನೂ ಅವರು ಹೊಗಳಿದ್ದರು. (ಈ ಕೊನೆಯ ಮಾತನ್ನು ನಮ್ಮೂರ ಬಾಳೆತೋಟದಲ್ಲಿ ನಿಂತು ಓದಬಾರದು!)

ಮೈಸೂರು ಸೀಮೆಯಿಂದಲೇ ಆನೆ ಬಂದದ್ದು ಆಶ್ಚರ್ಯವಲ್ಲ. ಆನೆಗಳನ್ನು ಹಿಡಿದು ಪಳಗಿಸುವ ವಿದ್ಯೆ ಆ ಸಂಸ್ಥಾನದಲ್ಲಿ ಚೆನ್ನಾಗಿ ಬೇರೂರಿತ್ತು. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು 1874ರಲ್ಲಿ ಖೆಡ್ಡಾ ನಡೆಸಿದ್ದು ನಮಗೆ ಕೂಗಳತೆಯ ದೂರದಲ್ಲಿರುವ ಚಾಮರಾಜನಗರದ ಸೀಮೆಯಲ್ಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ. ಮುಂದೆ ಕಾಕನಕೋಟೆಯ ಖೆಡ್ಡಾ ಹೆಸರುವಾಸಿಯಾಯಿತು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಾಡಿಗೆ ರಾಜ್ಯಗಳ ಗಡಿಯಿಲ್ಲ. ಬಂಡೀಪುರ, ಬಿಳಿಗಿರಿ, ತಲಮಲೆ, ಸತ್ಯಮಂಗಲ ಎಲ್ಲವೂ ಒಂದೇ ಕಾಡಿನ ಹಾಸು, ಆನೆಗಳು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ನಡೆದಾಡುತ್ತಲೇ ಇರುತ್ತವೆ. ನಮ್ಮ ಭಾಷೆಯೂ ಹಾಗೆಯೇ ಅಲ್ಲವೆ? 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದರಾಸು ರಾಜ್ಯದಲ್ಲಿ ಉಳಿಯಿತು. ಮನೆಯೊಳಗಿನ ಮಾತು ಬದಲಾಗಲಿಲ್ಲ.

ಇಂದಿರಾಳನ್ನು ಹೊತ್ತ ಹಡಗು 1949ರ ಸೆಪ್ಟೆಂಬರ್ 23ರಂದು ಟೋಕಿಯೋ ರೇವನ್ನು ಮುಟ್ಟಿತು. ರೇವಿನಿಂದ ಊಎನೋದವರೆಗೆ ಆಕೆ ನಡೆದೇ ಹೋದಳು, ಅದೂ ರಾತ್ರಿಯ ಹೊತ್ತು, ಮಹಾನಗರದ ಬೀದಿಗಳಲ್ಲಿ. 25ರ ಬೆಳಗಿನ ಜಾವಕ್ಕೆ ಮೃಗಾಲಯ ಸೇರಿದಳು. ಅಕ್ಟೋಬರ್ 1ರಂದು ಆಕೆಯನ್ನು ಒಪ್ಪಿಸುವ ಸಮಾರಂಭಕ್ಕೆ ಜಪಾನಿನ ಪ್ರಧಾನಿ ಯೋಶಿದಾ ಅವರೇ ಬಂದಿದ್ದರು.

ಇನ್ನು ನಮ್ಮ ಪಾಠದ ಮುಖ್ಯ ಸಂಗತಿಗೆ ಬರೋಣ. ಊಎನೋದ ಪಾಲಕರಿಗೆ ಆನೆ ಸಾಕಿದ ಅನುಭವವಿತ್ತು. ಆದರೆ ಅವರು ಜಪಾನಿ ಮಾತಿನಲ್ಲಿ ಏನು ಹೇಳಿದರೂ ಇಂದಿರಾ ಅಲುಗಾಡಲಿಲ್ಲ. ಪಳಗಿದ ಆನೆಯೆಂದರೆ ಮಾತು ಕಲಿತ ಆನೆ. ಕೂರು, ಏಳು, ಕಾಲೆತ್ತು, ಹಿಂದೆ ಸರಿ ಎಂಬ ಪ್ರತಿಯೊಂದನ್ನೂ ಮಾವುತನು ಎಳವೆಯಲ್ಲಿ ಕಲಿಸಿರುತ್ತಾನೆ; ಬೇರೆ ದನಿ, ಬೇರೆ ಪದ ಅದಕ್ಕೆ ಬರಿಯ ಸದ್ದು. ಇಂದಿರಾಳೊಡನೆ ಇಬ್ಬರು ಮಾವುತರು ಊರಿನಿಂದ ಹೋಗಿದ್ದರು. ಆಗ ಮೃಗಾಲಯದವರ ಮುಂದೆ ಎರಡು ದಾರಿಗಳಿದ್ದವು: ಆನೆಗೆ ಜಪಾನಿ ಮಾತನ್ನು ಕಲಿಸುವುದು, ಅಥವಾ ತಾವು ಕನ್ನಡ ಕಲಿಯುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಇಬ್ಬರು ಪಾಲಕರು ಸುಮಾರು ಎರಡು ತಿಂಗಳ ಕಾಲ ನಮ್ಮ ಮಾವುತರ ಬಳಿ ನಿಂತು ಆಜ್ಞೆಯ ಪದಗಳನ್ನು ಬಾಯಿಪಾಠ ಮಾಡಿದರು. ಮಾವುತರು ಹಿಂತಿರುಗಿದ ಮೇಲೆ ಟೋಕಿಯೋದ ನಡುವೆ ಕನ್ನಡದ ಆ ಪದಗಳು ಜಪಾನೀಯರ ನಾಲಿಗೆಯ ಮೇಲೆ ಉಳಿದವು.

ಅವರಿಗೆ ಇದು ಎಷ್ಟು ಸುಲಭ, ಎಷ್ಟು ಕಷ್ಟ ಎಂಬುದನ್ನು ವ್ಯಾಕರಣದ ಕಡೆಯಿಂದ ಸ್ವಲ್ಪ ನೋಡೋಣ. ಕನ್ನಡದ ಮಾತುಗಳು ಸಾಮಾನ್ಯವಾಗಿ ಸ್ವರಾಂತ. ವ್ಯಂಜನದಲ್ಲಿ ಮುಗಿಯುವ ಪರದೇಶದ ಪದ ಬಂದರೆ ನಾವು ಒಂದು ಉಕಾರ ಸೇರಿಸಿ ಅದನ್ನು ನಮ್ಮದಾಗಿಸಿಕೊಳ್ಳುತ್ತೇವೆ. ಬಸ್ ಎಂಬುದು ಬಸ್ಸು, ಗ್ಲಾಸ್ ಎಂಬುದು ಗ್ಲಾಸು. ಜಪಾನೀಯರೂ ಹೀಗೆಯೇ ಮಾಡುತ್ತಾರೆ! ಅವರ ಬಾಯಲ್ಲಿ ಬಸ್ ಬಸು ಆಗುತ್ತದೆ, ಗ್ಲಾಸ್ ಗುರಾಸು ಆಗುತ್ತದೆ. ಅವರಲ್ಲಿ ನಕಾರವೊಂದನ್ನು ಬಿಟ್ಟರೆ ಬೇರೆ ವ್ಯಂಜನದಲ್ಲಿ ಪದ ಮುಗಿಯುವುದಿಲ್ಲ. ಅದರಿಂದಲೇ ನಗೋಯ, ಒಸಾಕ, ಹಿರೋಶಿಮಾ ಎಂಬ ಹೆಸರುಗಳು ಕನ್ನಡ ಲಿಪಿಯಲ್ಲಿ ತಿಣುಕದೆ ಕೂರುತ್ತವೆ.

ವಾಕ್ಯದ ಕ್ರಮವೂ ನಮ್ಮಂತೆಯೇ. ‘ನಾನು ಅನ್ನವನ್ನು ತಿನ್ನುತ್ತೇನೆ’ ಎಂಬುದಕ್ಕೆ ಅವರು ‘ವತಾಶಿ ವಾ ಗೊಹಾನ್ ಒ ತಾಬೆರು’ ಎನ್ನುತ್ತಾರೆ. ವತಾಶಿ ಎಂದರೆ ನಾನು, ಗೊಹಾನ್ ಎಂದರೆ ಅನ್ನ, ತಾಬೆರು ಕ್ರಿಯಾಪದ. ನಡುವೆ ಬಂದ ‘ಒ’ ನಮ್ಮ ದ್ವಿತೀಯಾ ವಿಭಕ್ತಿಯ ‘ಅನ್ನು’ ಮಾಡುವ ಕೆಲಸವನ್ನೇ ಮಾಡುತ್ತದೆ. ಪ್ರಶ್ನೆ ಕೇಳಬೇಕಾದರೆ ನಾವು ವಾಕ್ಯದ ಕೊನೆಗೆ ‘ಆ’ ಹಚ್ಚುತ್ತೇವೆ, ಅವರು ‘ಕಾ’ ಹಚ್ಚುತ್ತಾರೆ. ಇಂಗ್ಲಿಷಿನಲ್ಲಿ ಕ್ರಿಯಾಪದವನ್ನು ನಡುವೆ ತುರುಕಲು ನೀವು ಎಷ್ಟು ಒದ್ದಾಡುತ್ತೀರೆಂಬುದು ನಿಮಗೆ ಗೊತ್ತು; ಜಪಾನಿ ಮಾತಿನಲ್ಲಿ ಆ ತೊಂದರೆಯಿಲ್ಲ. ಇಷ್ಟರಿಂದ ಎರಡೂ ಅಕ್ಕತಂಗಿ ಭಾಷೆಗಳೆಂದು ಹೊರಟುಬಿಡಬೇಡಿ. ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮ್ಮ ಭಾಷೆಗೂ ನಮ್ಮ ನೆರೆಯ ತಮಿಳಿಗೂ ನಂಟಿದೆಯೆಂದು ವಾದಿಸಿದ್ದುಂಟು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಹೋಲಿಕೆ ಬೇರೆ, ರಕ್ತಸಂಬಂಧ ಬೇರೆ.

ಕಷ್ಟವಿರುವುದು ಅಕ್ಷರಗಳಲ್ಲಿ. ಟ, ಡ, ಣ, ಳ ಎಂದು ನಾಲಿಗೆಯನ್ನು ಮೇಲಕ್ಕೆ ಮಡಿಸಿ ನುಡಿಯುವ ಮೂರ್ಧನ್ಯಗಳು ಅವರಲ್ಲಿ ಇಲ್ಲ. ರ ಮತ್ತು ಲ ಎಂಬ ಭೇದವೂ ಇಲ್ಲ. ‘ಏಳು’ ಎಂಬ ಎರಡಕ್ಷರದ ಪದವನ್ನು ಅವರು ಸರಿಯಾಗಿ ನುಡಿಯಬೇಕಾದರೆ ಎಷ್ಟು ಸಲ ತಿದ್ದಿಸಿಕೊಳ್ಳಬೇಕು! ತರಗತಿಯಲ್ಲಿ ‘ಹಳ್ಳಿ’ಯನ್ನು ‘ಹಲ್ಲಿ’ ಎಂದು ಓದುವವರನ್ನು ನಾನು ಎರಡು ಸಲ ಓದಿಸುವುದುಂಟು. ನಡುವಯಸ್ಸಿನ ಜಪಾನೀ ಪಾಲಕನಾದರೋ ಅದನ್ನು ಆನೆಯ ಮುಂದೆ ನಿಂತು ಕಲಿಯಬೇಕು. ಆನೆ ಅಂಕ ಕೊಡುವುದಿಲ್ಲ, ಕಾಲು ಎತ್ತುತ್ತದೆ ಇಲ್ಲವೇ ಎತ್ತುವುದಿಲ್ಲ.

ಮುಂದಿನ ವರ್ಷ, 1950ರಲ್ಲಿ, ಊಎನೋದವರು ಇಂದಿರಾಳನ್ನು ಕರೆದುಕೊಂಡು ಸಂಚಾರಿ ಮೃಗಾಲಯವಾಗಿ ಹೊರಟರು. ಉತ್ತರದ ಹೊಕ್ಕೈದೋ ದ್ವೀಪದವರೆಗೂ ಹಲವು ತಿಂಗಳು ಊರೂರು ತಿರುಗಿದರು. ಹೋದಲ್ಲೆಲ್ಲ ಜನಸಾಗರ. ಆನೆಗೆ ಅವರ ಮಾತಿನಲ್ಲಿ ಜೋ ಎಂದು ಹೆಸರು. ಮಕ್ಕಳು ಬರಿದೆ ಹಾಗೆನ್ನದೆ ಜೋ-ಸಾನ್ ಎನ್ನುತ್ತಾರೆ. ಸಾನ್ ಎಂಬುದು ನಮ್ಮ ‘ಅವರು’ ಎಂಬಂತೆ ಗೌರವದ ಮಾತು. ನಮ್ಮ ಅಜ್ಜಿಯಂದಿರು ಗಣಪತಿಯ ನೆನಪಿನಿಂದ ಆನೆಗೆ ಕೈ ಮುಗಿಯುವುದಿಲ್ಲವೆ, ಹಾಗೆ.

1957ರ ಅಕ್ಟೋಬರಿನಲ್ಲಿ ನೆಹರೂ ಅವರು ಜಪಾನಿಗೆ ಹೋದರು. ಮಗಳು ಇಂದಿರಾ ಗಾಂಧಿಯವರು ಜೊತೆಯಲ್ಲಿದ್ದರು. ತಂದೆ ಮಗಳು ಊಎನೋಗೆ ಹೋಗಿ ಆನೆಯನ್ನು ಕಂಡರು. ಒಂದೇ ಹೆಸರಿನ ಇಬ್ಬರು ಎದುರುಬದುರಾದರು. ಅಷ್ಟು ಹೊತ್ತಿಗೆ ಆನೆ ಎಂಟು ವರ್ಷ ಆ ದೇಶದಲ್ಲಿ ಕಳೆದಿತ್ತು.

ಆದರೆ ಆನೆಯ ದೃಷ್ಟಿಯಿಂದ ಈ ಕಥೆಯನ್ನು ನೋಡಿದ್ದೀರಾ? ಹೆಣ್ಣಾನೆಗಳು ಒಂಟಿಯಾಗಿ ಬಾಳುವ ಜೀವಗಳಲ್ಲ. ಅಜ್ಜಿ, ತಾಯಿ, ಚಿಕ್ಕಮ್ಮ, ಅಕ್ಕತಂಗಿಯರು, ಮರಿಗಳು ಕೂಡಿದ ಹಿಂಡೇ ಅವುಗಳ ಸಂಸಾರ; ಹಿರಿಯ ಹೆಣ್ಣಾನೆಯೇ ಯಜಮಾನಿ. ದಿನಕ್ಕೆ ನೂರೈವತ್ತು ಕಿಲೋಗ್ರಾಮಿನಷ್ಟು ಸೊಪ್ಪುಸದೆ ತಿನ್ನುತ್ತಾ ಮೈಲಿಗಟ್ಟಲೆ ನಡೆಯುವುದು ಅವುಗಳ ಸ್ವಭಾವ. ಇಂದಿರಾಳಿಗೆ ಸಿಕ್ಕಿದ್ದು ಕಂದಕದೊಳಗಿನ ಒಂದು ಅಂಗಳ. ಮಕ್ಕಳ ಸಂತೋಷ ಸುಳ್ಳಲ್ಲ, ಆನೆಯ ಒಂಟಿತನವೂ ಸುಳ್ಳಲ್ಲ. ಇಂದು ಅಂತಹ ಉಡುಗೊರೆ ಕೊಡಬಹುದೇ ಎಂದು ಯಾರಾದರೂ ಕೇಳಿದರೆ ನಾನು ಬೇಡವೆಂದೇ ಹೇಳುವೆನು. 1949ರ ಆ ಮಕ್ಕಳನ್ನು ನೆನೆದಾಗ ಮಾತ್ರ, ಕೊಟ್ಟದ್ದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

1967ರಲ್ಲಿ ನಡೆದ ಒಂದು ಘಟನೆಯನ್ನು ಊಎನೋದವರು ಮರೆತಿಲ್ಲ. ಜೊತೆಯ ಇನ್ನೊಂದು ಆನೆ ತಳ್ಳಿದ್ದರಿಂದ ಇಂದಿರಾ ಕಂದಕಕ್ಕೆ ಬಿದ್ದು ಅಲ್ಲಿಂದ ಅಂಗಳದ ಹೊರಕ್ಕೆ ಬಂದುಬಿಟ್ಟಳು. ಜನರಿದ್ದ ಜಾಗ; ಯಾರು ಕರೆದರೂ ಆಕೆ ಒಳಗೆ ಹೋಗಲೊಲ್ಲಳು. ಕಡೆಗೆ ಆಕೆಯನ್ನು ಬಹುಕಾಲ ನೋಡಿಕೊಂಡಿದ್ದ ಹಳೆಯ ಪಾಲಕನಿಗೆ ಹೇಳಿಕಳುಹಿಸಿದರು. ಆತ ಅರ್ಬುದ ರೋಗದಿಂದ ಹಾಸಿಗೆ ಹಿಡಿದಿದ್ದ. ಆದರೂ ಎದ್ದು ಬಂದು ಹೆಸರು ಹಿಡಿದು ಕರೆದ. ಇಂದಿರಾ ಆತನ ದನಿಯನ್ನು ಗುರುತಿಸಿ ಹಿಂದೆಯೇ ನಡೆದು ಒಳಗೆ ಹೋದಳು. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ.

ಇಂದಿರಾ ಸತ್ತದ್ದು 1983ರ ಆಗಸ್ಟ್ 11ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಮೂವತ್ತನಾಲ್ಕು ವರ್ಷ ಆ ದೇಶದಲ್ಲಿ ಬಾಳಿದ ಹಾಗಾಯಿತು. ಮರುವರ್ಷವೇ ಭಾರತವು ಊಎನೋಗೆ ಮತ್ತೆ ಆನೆಯನ್ನು ಕಳುಹಿಸಿತು.

ಇಲ್ಲಿ ಪೋಷಕರೊಡನೆ ಒಂದು ಮಾತು. ಶಾಲೆಗೆ ಸೇರಿಸುವ ಕಾಲದಲ್ಲಿ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆಯೊಂದಿದೆ: ತಮಿಳುನಾಡಿನಲ್ಲಿ ಇದ್ದುಕೊಂಡು ಮಗುವಿಗೆ ಕನ್ನಡ ಓದಿಸಿದರೆ ಏನು ಪ್ರಯೋಜನ ಮೇಷ್ಟ್ರೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಅರ್ಜಿಗೆ ತಮಿಳು ಬೇಕು, ಕೆಲಸಕ್ಕೆ ಇಂಗ್ಲಿಷ್ ಬೇಕು, ಎರಡನ್ನೂ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ನಾನೂ ಎರಡು ಭಾಷೆಗಳಲ್ಲಿ ಓದಿ ಬೆಳೆದವನೇ. ಒಂದರಿಂದ ಇನ್ನೊಂದು ಕೆಡಲಿಲ್ಲ. ಇಂದಿರಾಳ ಕಥೆಯನ್ನು ಹಿಡಿದುಕೊಂಡು, ನೋಡಿ, ಕನ್ನಡ ಬಲ್ಲವರಿಗೆ ಜಪಾನಿನಲ್ಲೂ ಮರ್ಯಾದೆ ಎಂದು ನಿಮ್ಮನ್ನು ಒಪ್ಪಿಸಲು ಹೋದರೆ ಅದು ಮೋಸವಾಗುತ್ತದೆ. ಆನೆಗೆ ಬೇರೆ ಭಾಷೆ ಬಾರದ್ದರಿಂದ ಅವರು ಕಲಿತರು, ಅಷ್ಟೇ. ಆದರೆ ಒಂದು ಜೀವದ ಹತ್ತಿರ ಹೋಗಬೇಕಾದಾಗ ಅದು ಎಳವೆಯಲ್ಲಿ ಕೇಳಿದ ಮಾತಿನಿಂದಲೇ ಹೋಗಬೇಕೆಂಬುದನ್ನು ಆ ಇಬ್ಬರು ಪಾಲಕರು ಎರಡು ತಿಂಗಳಲ್ಲಿ ಕಂಡುಕೊಂಡರು. ಒಂದನೆಯ ತರಗತಿಗೆ ಮೊದಲ ದಿನ ಬಂದು ಅಳುವ ಮಗುವನ್ನು ನಮ್ಮ ಟೀಚರುಗಳು ಯಾವ ಮಾತಿನಲ್ಲಿ ಸಮಾಧಾನಪಡಿಸುತ್ತಾರೆಂದು ನೀವೇ ಬಂದು ನೋಡಬಹುದು.

ವಿದ್ಯಾರ್ಥಿಗಳೇ, ಈ ಪಾಠಕ್ಕೆ ಅಭ್ಯಾಸವೂ ಉಂಟು. ಕಾಡಂಚಿನ ಹಾಡಿಗಳಲ್ಲಿ, ಹಳ್ಳಿಗಳಲ್ಲಿ ಆನೆಯೊಡನೆ ಕೆಲಸ ಮಾಡಿದ ಹಿರಿಯರಿದ್ದರೆ, ಅವರು ಆನೆಗೆ ಯಾವ ಪದಗಳನ್ನು ಹೇಳುತ್ತಿದ್ದರೆಂದು ಕೇಳಿ ಬರೆದುಕೊಳ್ಳಿ. ಕೆಲವು ಕನ್ನಡವಾಗಿರಬಹುದು, ಕೆಲವು ಉರ್ದುವಾಗಿರಬಹುದು, ಕೆಲವು ಅವರ ಮನೆಮಾತಿನವಾಗಿರಬಹುದು. ಕೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಎರಡನೆಯದು ಪತ್ರಲೇಖನ. ಟೋಕಿಯೋದಲ್ಲಿ ನಿಮ್ಮದೇ ವಯಸ್ಸಿನ ಒಬ್ಬ ಹುಡುಗಿ ಇದ್ದಾಳೆಂದು ಎಣಿಸಿ, ನಮ್ಮೂರ ಆನೆಗಳ ವಿಷಯವನ್ನು ಆಕೆಗೆ ಬರೆಯಿರಿ. ಅವಳು ಆನೆಯನ್ನು ಕಂದಕದಾಚೆಯಿಂದ ಮಾತ್ರ ನೋಡಿರುವವಳು. ಹಾಳಾದ ಜೋಳದ ಹೊಲವನ್ನೂ ಅಟ್ಟಣೆಯ ಮೇಲಿನ ಚಳಿಯನ್ನೂ ಬಿಡಬೇಡಿ, ಕೆರೆಯಲ್ಲಿ ಮರಿಯಾನೆ ಹೊರಳಾಡುವುದನ್ನು ಕಂಡಿದ್ದರೆ ಅದನ್ನೂ ಬಿಡಬೇಡಿ. ಹಾಳೆಯ ಒಂದೇ ಮಗ್ಗುಲಲ್ಲಿ, ಅಂಚು ಬಿಟ್ಟು, ದುಂಡಾಗಿ ಬರೆದು ಸೋಮವಾರ ನನ್ನ ಮೇಜಿನ ಮೇಲೆ ಇಡಿ.